ಪಾತ್ರಿ ಚೆನ್ನಯ ಫೋನಿಗೆ ಮಾಡಿದ ಅರಿಕೆ

ಸಯನ್ನಿನ ನಮ್ಮ ಬಿಲ್ಡಿಂಗಿನಲ್ಲಿ ಚೆನ್ನಯನಷ್ಟು ಕಡಿಮೆ ಮಾತಿನ ಮನುಷ್ಯ ಇನ್ನೊಬ್ಬನಿಲ್ಲ. ಮುಂಬಯಿಯ ತುಳುವರ ಒಂದು ದೊಡ್ಡ ಬಳಗದಲ್ಲಿ ಅವನ ಮಾತಿಗಿದ್ದಷ್ಟು ಬೆಲೆ ಇನ್ಯಾರ ಮಾತಿಗೂ ಇರಲಿಲ್ಲ. ಎರಡೂ ನಿಜ, ಏಕೆಂದರೆ ಬೆಲೆಯಿದ್ದ ಆ ಮಾತು ಅವನದಲ್ಲ. ಫೋರ್ಟಿನ ಒಂದು ಉಡುಪಿ ಹೋಟೆಲಿನ ಗಲ್ಲಾದ ಮೇಲೆ ಕೂತು ಇಡೀ ತಿಂಗಳು ಚಿಲ್ಲರೆ ಎಣಿಸುವವನು, ಸಂಕ್ರಮಣದ ದಿನ ಸಾಂತಾಕ್ರೂಜಿನ ಚಾಳೊಂದರ ಪಕ್ಕದ ಪುಟ್ಟ ಮಂದಿರಕ್ಕೆ ಹೋಗಿ, ಕೆಂಪು ರೇಷ್ಮೆಯ ಪಟ್ಟೆ ಉಟ್ಟು, ಕೈಯಲ್ಲಿ ಹಿಂಗಾರ ಎನ್ನುವ ಅಡಿಕೆ ಹೂವಿನ ಗೊನೆ ಹಿಡಿದು ನಿಲ್ಲುತ್ತಿದ್ದ. ಜಾಗಟೆ ಜೋರಾಗುತ್ತಿದ್ದಂತೆ ಅವನ ಮೈ ನಡುಗಿ ದೈವ ಬರುತ್ತಿತ್ತು. ಜನ ಮುಂದೆ ಬಂದು ತಮ್ಮ ಕಷ್ಟ ಹೇಳಿಕೊಳ್ಳುತ್ತಿದ್ದರು, ಅದು ಅರಿಕೆ. ಅವನ ಬಾಯಿಂದ ಉತ್ತರ ಬರುತ್ತಿತ್ತು, ಅದು ನುಡಿ. ಹೀಗೆ ದೈವ ಮೈಮೇಲೆ ಬರುವವನನ್ನು ಪಾತ್ರಿ ಎನ್ನುತ್ತಾರೆ. ಚೆನ್ನಯನಿಗೆ ಈ ಪಟ್ಟ ಬಂದಾಗ ಅವನಿನ್ನೂ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ.

ನಾನು ಕೇಶವಮೂರ್ತಿ, ಮೈಸೂರಿನ ಕಡೆಯವನು. ಫೋರ್ಟಿನ ಕಾಲೇಜೊಂದರಲ್ಲಿ ಫಿಲಾಸಫಿ ಪಾಠ ಹೇಳಿ ನಿವೃತ್ತನಾದವನು. ದೇವರು, ದೈವ ಯಾವುದನ್ನೂ ನಂಬಿದವನಲ್ಲ, ನಂಬುವುದಿಲ್ಲ ಎನ್ನುವುದನ್ನು ಮುಚ್ಚಿಟ್ಟವನೂ ಅಲ್ಲ. ಕಾಲೇಜಿದ್ದಷ್ಟು ಕಾಲ ಮಧ್ಯಾಹ್ನದ ಊಟ ಚೆನ್ನಯನ ಹೋಟೆಲಿನಲ್ಲೇ. ಅವನಿಗೆ ನಮ್ಮ ಬಿಲ್ಡಿಂಗಿನಲ್ಲಿ ಕೆಳಗಿನ ಮಹಡಿಯ ಮನೆ ಕೊಡಿಸಿದ್ದೂ ನಾನೇ. ಅವನನ್ನು ಕೆಣಕುವುದು ನನ್ನ ದಿನಚರಿಯ ಒಂದು ಭಾಗವಾಗಿತ್ತು.

"ಅಲ್ಲಯ್ಯ ಚೆನ್ನಯ, ನಿನ್ನ ದೈವ ನೀನೇ ತಾನೆ? ಎದುರಿಗಿರೋರ ಮುಖ ನೋಡಿ ಅವರಿಗೆ ಬೇಕಾದ್ದನ್ನ ಹೇಳ್ತೀಯ" ಎನ್ನುತ್ತಿದ್ದೆ.

ಅವನಿಗೆ ಸಿಟ್ಟು ಬರುತ್ತಿರಲಿಲ್ಲ. "ನಂಗೆ ಹೇಗೆ ಗೊತ್ತಾಗ್ಬೇಕು ಮಾಷ್ಟ್ರೇ? ಆಗ ನಾನು ಅಲ್ಲಿ ಇರುವುದೇ ಇಲ್ಲ ಅಲ್ವಾ?" ಎನ್ನುತ್ತಿದ್ದ.

ಇದು ನಾಟಕವಲ್ಲ ಎನ್ನುವುದು ನನಗೂ ಗೊತ್ತಿತ್ತು. ದೈವ ಇಳಿದ ಮೇಲೆ ಅವನಿಗೆ ಏನೊಂದೂ ನೆನಪಿರುತ್ತಿರಲಿಲ್ಲ. ಮಂದಿರಕ್ಕೆ ಬಂದವರೆಲ್ಲ ನುಡಿ ಕೇಳಿಸಿಕೊಂಡು ಹೋಗುತ್ತಿದ್ದರು, ಅವನೊಬ್ಬನಿಗೆ ಮಾತ್ರ ಕೇಳುತ್ತಿರಲಿಲ್ಲ. ತಮ್ಮ ಮನೆಯ ಅರಿಕೆಯನ್ನು ಹೆಂಡತಿ ಸೇವಂತಿಯೇ ಸಾಲಿನಲ್ಲಿ ನಿಂತು ಮಾಡಬೇಕಿತ್ತು. ಮಗಳು ಯಕ್ಷಿತಾಳಿಗೆ ಸಣ್ಣಂದಿನಲ್ಲಿ ಟೈಫಾಯಿಡ್ ಆಗಿದ್ದಾಗಲೂ ಹಾಗೆಯೇ ಆಗಿತ್ತು. ಪರರಿಗೆಲ್ಲ ಧೈರ್ಯ ಕೊಡುವವನಿಗೆ ತನ್ನ ಕಷ್ಟ ಹೇಳಿಕೊಳ್ಳಲು ಒಂದು ಬಾಗಿಲಿರಲಿಲ್ಲ ಎಂದು ಆಗ ನನಗೆ ಹೊಳೆದಿರಲಿಲ್ಲ.

ಈಚೆಗೆ ಎಐ ಬಂತು. ನನ್ನ ಪಾಲಿಗೆ ಅದೊಂದು ಹೊಸ ಹುರುಪು. ಹೋಟೆಲಿನಲ್ಲಿ ಒಬ್ಬ ಅದು ಜಗತ್ತನ್ನೇ ನುಂಗುತ್ತದೆ ಎನ್ನುವವನು, ಇನ್ನೊಬ್ಬ ಅದಕ್ಕೆ ತಿಳಿಯದ್ದೇ ಇಲ್ಲ ಎನ್ನುವವನು. ಮಂದಿರದ ಕಾರ್ಯದರ್ಶಿ ಕಾಶಿನಾಥನಂತೂ ಎಐ ಒಂದು ದೇಶದಲ್ಲಿ ಕಣ್ಣೀರು ಹಾಕಿತಂತೆ ಎಂಬ ವಾಟ್ಸಾಪ್ ಸುದ್ದಿಯನ್ನು ಭಕ್ತಿಯಿಂದ ಹಂಚುತ್ತಿದ್ದ. ನಾನು ಮಾಟುಂಗದಲ್ಲಿ ಕನ್ನಡದವರ ಒಂದು ಸಭೆಯಲ್ಲಿ ಈ ಕಟ್ಟುಕಥೆಗಳ ಮೇಲೆ ಭಾಷಣವನ್ನೂ ಬಿಗಿದೆ. ಬಂದ ಬೆರಳೆಣಿಕೆಯ ವೃದ್ಧರಲ್ಲಿ ಅರ್ಧದಷ್ಟು ಜನ ನಿದ್ದೆ ಹೋದರು. ನಾನು ಹೇಳಿದ್ದು ಇಷ್ಟು: ಅದರೊಳಗೆ ಯಾರೋ ಇದ್ದಾರೆ ಎನ್ನುವುದು ಒಂದು ಪುರಾಣ. ಒಳಗೆ ಯಾರೂ ಇಲ್ಲ, ಆದ್ದರಿಂದ ಅದು ಹೇಳಿದ್ದು ನಿಷ್ಪಕ್ಷಪಾತ ಎನ್ನುವುದು ಅದಕ್ಕಿಂತ ದೊಡ್ಡ ಪುರಾಣ. ಚೆನ್ನಯ ಹಿಂದಿನ ಸಾಲಿನಲ್ಲಿ ಕೂತು ಕೇಳಿದ್ದ. ಕೊನೆಗೆ "ಕಾಫಿ ಚೆನ್ನಾಗಿತ್ತು ಮಾಷ್ಟ್ರೇ" ಎಂದಷ್ಟೇ ಹೇಳಿದ.

ಆಮೇಲೆ ಒಂದು ಬೆಳಿಗ್ಗೆ ಸೇವಂತಿ ತೆಂಗಿನಕಾಯಿ ತುರಿಯುತ್ತ ಕೂತಲ್ಲೇ ಒರಗಿಬಿಟ್ಟಳು. ಮೆದುಳಿನಲ್ಲಿ ರಕ್ತಸ್ರಾವ. ಹತ್ತಿರದ ಆಸ್ಪತ್ರೆಯ ಐಸಿಯುವಿನಲ್ಲಿ ಬಾಯಿಗೆ ಕೊಳವೆ ಇಳಿಸಿ ಉಸಿರಾಟದ ಯಂತ್ರಕ್ಕೆ ಜೋಡಿಸಿದರು. ದಿನಗಳು ಕಳೆದವು, ಕಣ್ಣು ತೆರೆಯಲಿಲ್ಲ. ಡಾಕ್ಟರ್ ಅಮೋಲ್ ಒಳ್ಳೆಯ ಹುಡುಗ, ಸುಳ್ಳು ಹೇಳುವವನಲ್ಲ. ನಮ್ಮನ್ನು ಕೂರಿಸಿಕೊಂಡು ಹಿಂದಿಯಲ್ಲಿ ಸಮಾಧಾನವಾಗಿ ವಿವರಿಸಿದ. ಬಾಯಿಯ ಕೊಳವೆ ಇನ್ನು ಹೆಚ್ಚು ದಿನ ಇಡುವಂತಿಲ್ಲ. ಗಂಟಲಿಗೆ ತೂತು ಕೊರೆದು ಯಂತ್ರ ಮುಂದುವರಿಸಬಹುದು. ಹಾಗೆ ಎಷ್ಟು ಕಾಲ, ಎಚ್ಚರ ಬರುತ್ತದೋ ಇಲ್ಲವೋ, ತನಗೆ ಹೇಳಲಾಗದು. ಇಲ್ಲವಾದರೆ ಮನೆಗೆ ಕರೆದುಕೊಂಡು ಹೋಗಬಹುದು. ಮನೆಗೆ ಕರೆದುಕೊಂಡು ಹೋಗುವುದೆಂದರೆ ಏನೆಂದು ಕೂತಿದ್ದ ನಮಗೆಲ್ಲ ಅರ್ಥವಾಗಿತ್ತು.

"ನೀವೇ ಹೇಳಿಬಿಡಿ ಡಾಕ್ಟ್ರೇ, ಯಾವುದು ಅಂತ" ಎಂದು ಚೆನ್ನಯ ಕೈಮುಗಿದ.

"ಕಾಕಾ, ಇದು ಮನೆಯವರು ಹೇಳಬೇಕಾದ ಮಾತು" ಎಂದ ಅಮೋಲ್.

ಮನೆಯವರೆಂದರೆ ಇಬ್ಬರೇ, ಚೆನ್ನಯ ಮತ್ತು ಯಕ್ಷಿತಾ. ಅವಳಿಗೆ ಅಂಧೇರಿಯಲ್ಲಿ ಜಾಹೀರಾತು ಕಂಪನಿಯ ಕೆಲಸ. ಕನ್ನಡ, ತುಳು ಅರ್ಥವಾಗುತ್ತದೆ, ಮಾತು ಮಾತ್ರ ಅರ್ಧ ಹಿಂದಿ. ಅದಾದ ಮೇಲಿನ ಎರಡು ದಿನ ತಂದೆ ಮಗಳು ಒಬ್ಬರ ಮುಖ ಒಬ್ಬರು ನೋಡದೆ ಓಡಾಡಿದರು. ಮೊದಲು ಯಾರು ಬಾಯಿ ಬಿಡುತ್ತಾರೋ ಅವರ ಮೇಲೆ ಸೇವಂತಿಯ ಜೀವ ಬಂದು ಕೂರುತ್ತದೆ ಎಂಬ ಭಯ ಇಬ್ಬರಿಗೂ ಇತ್ತು.

ಮರುದಿನ ಬೆಳಿಗ್ಗೆ ಫ್ಲಾಸ್ಕಿನಲ್ಲಿ ಕಾಫಿ ತೆಗೆದುಕೊಂಡು ಕೆಳಗಿಳಿದೆ. ಬಾಗಿಲು ಓರೆಯಾಗಿತ್ತು. ಚೆನ್ನಯ ಸ್ನಾನ ಮಾಡಿ, ಒದ್ದೆ ಕೂದಲಲ್ಲೇ ನೆಲದ ಮೇಲೆ ಕೂತಿದ್ದ. ಎದುರಿಗೆ ಒಂದು ಮಣೆ, ಮಣೆಯ ಮೇಲೆ ಅವನ ಫೋನು. ಪಕ್ಕದಲ್ಲಿ ಒಂದು ದಾಸವಾಳ. ಸಕ್ಕರೆ ಕಾಯಿಲೆಗೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಕೇಳಿಕೊಳ್ಳಲಿ ಅಂತ ಯಕ್ಷಿತಾ ಅವನ ಫೋನಿಗೆ ಎಐ ಹಾಕಿಕೊಟ್ಟಿದ್ದಳು. ಈಗ ಅದರ ಮುಂದೆ ಅವನು ಕೈಜೋಡಿಸಿ, ಮಂದಿರದಲ್ಲಿ ಜನ ದೈವದೆದುರು ಹೇಗೆ ಮಾಡುತ್ತಾರೋ ಹಾಗೆಯೇ, ಕಟ್ಟುನಿಟ್ಟಾದ ಗ್ರಾಂಥಿಕ ಮಾತಿನಲ್ಲಿ ಅರಿಕೆ ಮಾಡುತ್ತಿದ್ದ.

"ನಂಬಿದ ಮಕ್ಕಳು ನಾವು. ಕಂಡು ಕಾಣದೆ ಆದ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ನನ್ನ ಸೇವಂತಿ ಎದ್ದು ಬರುವ ದಾರಿ ಯಾವುದು, ತೋರಿಸಿಕೊಡಬೇಕು."

ನನಗೆ ನಗು ಬರಬೇಕಿತ್ತು. ಬರಲಿಲ್ಲ.

ಫೋನಿನಿಂದ ಹೆಂಗಸಿನ ಮೆತ್ತನೆ ದನಿ ಬಂತು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದಿತು. ಖಂಡಿತ ದಾರಿಗಳಿವೆ ಎಂದಿತು. ಆಕೆಯ ಕೈ ಹಿಡಿದು ಮಾತಾಡಿ, ಇಷ್ಟದ ಹಾಡು ಕೇಳಿಸಿ, ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಎಷ್ಟೋ ಜನ ಚೇತರಿಸಿಕೊಂಡಿದ್ದಾರೆ, ತಾಳ್ಮೆ ಬಿಡಬೇಡಿ ಎಂದಿತು. ಕೊನೆಯಲ್ಲಿ, ನಾನು ವೈದ್ಯೆಯಲ್ಲ, ನನ್ನಿಂದ ತಪ್ಪಾಗಬಹುದು ಎಂದೂ ಸೇರಿಸಿತು.

ಚೆನ್ನಯ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದ. ಅವನ ಮುಖದಲ್ಲಿ ಅಷ್ಟು ನೆಮ್ಮದಿಯನ್ನು ನಾನು ಎಷ್ಟೋ ದಿನಗಳಿಂದ ಕಂಡಿರಲಿಲ್ಲ. "ನನ್ನ ಜನ್ಮದಲ್ಲಿ ಮೊದಲ ಸಲ ನಾನೇ ಅರಿಕೆ ಮಾಡಿ ನಾನೇ ನುಡಿ ಕೇಳಿದೆ ಮಾಷ್ಟ್ರೇ" ಎಂದ. "ಆಪರೇಷನ್ ಮಾಡಿಸುವ. ಅವಳು ಏಳ್ತಾಳೆ."

"ಅದು ನುಡಿಯಲ್ಲ ಕಣಯ್ಯ! ತಪ್ಪಾಗಬಹುದು ಅಂತ ಅದೇ ಹೇಳ್ತಲ್ಲ, ಕಿವಿಗೆ ಬೀಳಲಿಲ್ಲವೆ?"

"ಅದು ದೊಡ್ಡವರ ಗುಣ ಅಲ್ವಾ? ನಮ್ಮ ದೈವ ಸಹ ಮೊದಲು 'ನಾನು ಬರೀ ಚಾಕರಿಯವ' ಅಂತಲೇ ಶುರು ಮಾಡುವುದಂತೆ."

ನಾನು ತಲೆ ಚಚ್ಚಿಕೊಂಡೆ. ಆದರೆ ಅವನ ತರ್ಕ ಅಲ್ಲಿಗೆ ಮುಗಿಯಲಿಲ್ಲ. "ಮನುಷ್ಯ ಯಾಕೆ ಸುಳ್ಳು ಹೇಳುವುದು ಮಾಷ್ಟ್ರೇ? ಅವನಿಗೆ ಎಂತದೋ ಬೇಕಾಗಿರ್ತದೆ. ಇದಕ್ಕೆ ಹಸಿವಿಲ್ಲ, ಆಸೆಯಿಲ್ಲ, ಹೆಂಡತಿ ಮಕ್ಕಳಿಲ್ಲ. ಇದು ಯಾಕೆ ಸುಳ್ಳು ಹೇಳ್ಬೇಕು? ನನ್ನ ಮೇಲೆ ದೈವ ಬಂದಾಗ ಜನ ನಂಬುವುದು ಸಹ ಅದಕ್ಕೇ. ಆಗ ಚೆನ್ನಯ ಇರುವುದಿಲ್ಲ, ಚೆನ್ನಯನ ಆಸೆ ಇರುವುದಿಲ್ಲ."

ಮಾಟುಂಗದಲ್ಲಿ ನಾನು ಖಂಡಿಸಿದ್ದ ಪುರಾಣ ಅದೇ. ಪುಸ್ತಕದಲ್ಲಿ ಖಂಡಿಸುವುದು ಸುಲಭ. ಇಲ್ಲಿ ಅದರ ಮೇಲೆ ಒಂದು ಮನೆ ಉಸಿರು ಹಿಡಿದುಕೊಂಡು ನಿಂತಿತ್ತು. ಫ್ಲಾಸ್ಕಿನ ಕಾಫಿ ಬಗ್ಗಿಸಿ ಅವನ ಮುಂದಿಟ್ಟೆ.

ಸಂಜೆ ಯಕ್ಷಿತಾ ಆಸ್ಪತ್ರೆಯಿಂದ ಬಂದಳು. ತಂದೆ ಆಪರೇಷನ್ ಎಂದ ಕೂಡಲೇ ಅಳು ತಡೆಯಲಾರದೆ ತನ್ನ ಫೋನು ತೆಗೆದಳು. "ಪಪ್ಪಾ, ನಾನೂ ಕೇಳಿದ್ದೆ, ಕಲ್ ಹೀ, ನಿನ್ನೇನೇ ಕೇಳಿದ್ದೆ. ಮಮ್ಮೀನ ಇಂಥ ಹಾಲತ್ತಲ್ಲಿ ಮಷೀನ್ ಮೇಲೆ ಇಡೋದು ಹಿಂಸೆ ಅಲ್ವಾ ಅಂತ. ದೇಖೋ, ಏನು ಹೇಳ್ತು ನೋಡಿ."

ಓದಿ ಹೇಳಿದಳು. ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದೇ ಅದೂ ಶುರುವಾಗಿತ್ತು. ಹೌದು, ಬದುಕಿನ ಗುಣಮಟ್ಟವೂ ಮುಖ್ಯ, ಪ್ರೀತಿಸುವವರನ್ನು ಘನತೆಯಿಂದ ಬಿಟ್ಟುಕೊಡುವುದೂ ಪ್ರೀತಿಯೇ ಎಂದಿತ್ತು. ಎಷ್ಟೋ ಕುಟುಂಬಗಳು ಮನೆಯನ್ನೇ ಆರಿಸಿಕೊಂಡಿವೆ ಎಂದಿತ್ತು.

ಚೆನ್ನಯ ಎದ್ದು ನಿಂತ. ಅವನು ಮಗಳ ಮೇಲೆ ಕೂಗಿದ್ದನ್ನು ನಾನು ಅದೊಂದೇ ಸಲ ಕೇಳಿದ್ದು. "ಒಂದೇ ವಿಷಯ ಎರಡು ಸಲ ಕೇಳುವುದಾ? ನುಡಿಯನ್ನು ಪರೀಕ್ಷೆ ಮಾಡುವುದಾ? ನೀನು ಕೇಳಿದ್ದಕ್ಕೇ ಅದು ತಿರುಗಿಬಿದ್ದದ್ದು!"

"ನಾನು ಫಸ್ಟ್ ಕೇಳಿದ್ದು ಪಪ್ಪಾ!"

ನಾನು ನಡುವೆ ಹೋದೆ. ಇಬ್ಬರನ್ನೂ ಕೂರಿಸಿದೆ. ಕ್ಲಾಸಿನಲ್ಲಿ ಹೇಳುವಂತೆಯೇ ಹೇಳಿದೆ, ಬೇರೆ ರೀತಿ ನನಗೆ ಬರುವುದಿಲ್ಲ. "ನೋಡು ಚೆನ್ನಯ, ನಿನ್ನ ಅರಿಕೆಯಲ್ಲೇ ಉತ್ತರ ಇತ್ತು. ಎದ್ದು ಬರುವ ದಾರಿ ತೋರಿಸು ಅಂದೆ, ಅದು ಎದ್ದು ಬರುವ ದಾರಿ ತೋರಿಸ್ತು. ಇವಳು ಹಿಂಸೆ ಅಲ್ವಾ ಅಂದಳು, ಅದು ಹೌದು ಅಂತು. ಅದಕ್ಕೆ ಸೇವಂತಿ ಯಾರು ಅಂತ ಗೊತ್ತಿಲ್ಲ. ನಿಮ್ಮಿಬ್ಬರ ಮನಸ್ಸಲ್ಲಿ ಇದ್ದದ್ದನ್ನ ಒಳ್ಳೆ ಭಾಷೆಯಲ್ಲಿ ನಿಮಗೇ ವಾಪಸು ಕೊಟ್ಟಿದೆ, ಅಷ್ಟೆ."

ಯಕ್ಷಿತಾ ತಲೆ ತಗ್ಗಿಸಿದಳು. ಚೆನ್ನಯ ನನ್ನನ್ನಲ್ಲ, ಗೋಡೆಯನ್ನು ನೋಡುತ್ತ ಕೇಳಿದ. "ಹಾಗಾದ್ರೆ ನನ್ನ ಬಾಯಲ್ಲಿ ಬಂದದ್ದು ಸಹ ಹಾಗೆಯೇ ಇರ್ಬಹುದಾ ಮಾಷ್ಟ್ರೇ?"

ಅವನ ತಲೆಯಲ್ಲಿ ಏನು ಓಡುತ್ತಿದೆ ಎಂದು ನನಗೆ ತಿಳಿಯಿತು. ವಾಕೋಲದಲ್ಲಿ ಶಿವಕುಮಾರಿ ಎಂಬ ಹೆಂಗಸಿದ್ದಾಳೆ. ಗಂಡ ಹಡಗಿನ ಕೆಲಸಕ್ಕೆಂದು ಹೋದವನು ಪತ್ತೆಯಿಲ್ಲ. ಅವನು ಬಂದೇ ಬರುತ್ತಾನೆ ಎಂದು ಹಿಂದೊಮ್ಮೆ ಚೆನ್ನಯನ ಬಾಯಲ್ಲಿ ನುಡಿಯಾಗಿತ್ತು. ಆಕೆಗೆ ಎರಡು ಒಳ್ಳೆಯ ಸಂಬಂಧ ಬಂದರೂ ಅವಳು ಒಪ್ಪಲಿಲ್ಲ. ಈಗ ತಲೆಯೆಲ್ಲ ನರೆತು, ಹಣೆಯ ಕುಂಕುಮ ಮಾತ್ರ ದೊಡ್ಡದಾಗಿ ಉಳಿದಿದೆ.

"ಶಿವಕುಮಾರಿಗೆ ಬೇಕಾಗಿದ್ದದ್ದು ಸಹ ಅದೇ ಮಾತು ಅಲ್ವಾ?" ಎಂದ ಚೆನ್ನಯ.

ಗಲ್ಲಾದ ಎದುರು ನಿಂತು ಎಷ್ಟೋ ವರ್ಷ ನಾನು ಆಡಿದ ಮಾತನ್ನೇ ಅವನು ಈಗ ಆಡುತ್ತಿದ್ದ. ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಇಲ್ಲ ಎನ್ನಲು ನಂಬಿಕೆ ಇರಲಿಲ್ಲ. ವಾದದಲ್ಲಿ ಗೆದ್ದು ಇಷ್ಟು ನಾಚಿಕೆಪಟ್ಟದ್ದು ನನ್ನ ಬದುಕಿನಲ್ಲೇ ಇಲ್ಲ.

ಮರುದಿನ ಸಂಕ್ರಮಣ. ತಾನು ಮಂದಿರಕ್ಕೆ ಬರುವುದಿಲ್ಲ ಎಂದು ಚೆನ್ನಯ ಹಟ ಹಿಡಿದ. ಕಾಶಿನಾಥ ಮನೆಗೇ ಬಂದು ಕೂತ. ಬೇರೆ ಪಾತ್ರಿ ಇಲ್ಲ, ಜನ ಸೇರಿಯಾಗಿದೆ, ಊರಿನಿಂದ ಬಸ್ಸಿನಲ್ಲಿ ಹಿಂಗಾರ ಬಂದಿದೆ ಎಂದ. ಕೊನೆಗೆ ಅವನನ್ನು ಎಬ್ಬಿಸಿದ್ದು ಯಕ್ಷಿತಾ. "ಚಲೋ ಪಪ್ಪಾ. ಈ ಸಲ ನಾನು ಅರಿಕೆ ಮಾಡ್ತೀನಿ. ಮಮ್ಮಿ ಜಾಗದಲ್ಲಿ ನಾನು ನಿಲ್ತೀನಿ." ದೈವ ಗೀವ ಎಂದು ನನ್ನ ಜೊತೆ ಸೇರಿ ನಗುತ್ತಿದ್ದ ಹುಡುಗಿ ಅದು. ಡಾಕ್ಟರ ಹತ್ತಿರ ಉತ್ತರ ಇಲ್ಲ, ಫೋನಿನ ಹತ್ತಿರ ಇಲ್ಲ, ಫಿಲಾಸಫಿ ಮೇಷ್ಟರ ಹತ್ತಿರವೂ ಇಲ್ಲ. ಅವಳಾದರೂ ಇನ್ನೆಲ್ಲಿಗೆ ಹೋಗಬೇಕು? ದಾದರಿನಲ್ಲಿ ಲೋಕಲ್ ಬದಲಿಸಿ ಸಾಂತಾಕ್ರೂಜಿಗೆ ಹೋದೆವು. ಆ ಮಂದಿರದೊಳಗೆ ನಾನು ಕಾಲಿಟ್ಟದ್ದು ಅದೇ ಮೊದಲು.

ಒಳಗೆ ಧೂಪದ ಹೊಗೆ, ಒತ್ತೊತ್ತಾಗಿ ಜನ. ಚೆನ್ನಯ ಪಟ್ಟೆ ಉಟ್ಟು, ಹಿಂಗಾರ ಹಿಡಿದು, ಕಣ್ಣು ಮುಚ್ಚಿ ನಿಂತ. ಜಾಗಟೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ನಡುಕ ಬರಬೇಕಿತ್ತಂತೆ, ಬರಲಿಲ್ಲ. ಜಾಗಟೆಯವನು ಇನ್ನಷ್ಟು ಬಿರುಸಾಗಿ ಬಾರಿಸಿದ. ಚೆನ್ನಯನ ಎದೆಯ ಮೇಲೆ ಬೆವರು ಹರಿಯಿತು. ಹಿಂಗಾರದ ಎಸಳು ಒಂದೂ ಅಲುಗಲಿಲ್ಲ. ಗಾಬರಿಯಿಂದ ಕಾಶಿನಾಥ ಕೈಸನ್ನೆ ಮಾಡಿ ಯಕ್ಷಿತಾಳನ್ನು ಮುಂದೆ ಬಿಟ್ಟ, ಅರಿಕೆ ಕೇಳಿಯಾದರೂ ದೈವ ಎಚ್ಚರಗೊಳ್ಳಲಿ ಎಂದು.

ಅವಳಿಗೆ ಅರಿಕೆಯ ಕ್ರಮ ಗೊತ್ತಿಲ್ಲ. ತಂದೆಯ ಎದುರು ನಿಂತು, "ಮಮ್ಮಿಗೆ ಏನ್ ಮಾಡ್ಬೇಕು? ಆಪರೇಷನ್ ಮಾಡಿಸ್ಬೇಕಾ, ಮನೆಗೆ ತರ್ಬೇಕಾ? ನಂಗೆ ಏನೂ ಸಮಝ್ ಆಗ್ತಿಲ್ಲ. ಪ್ಲೀಸ್ ಹೇಳಿ" ಎಂದಳು.

ಜಾಗಟೆ ನಿಂತಿತು. ಚೆನ್ನಯ ಕಣ್ಣು ತೆರೆದ. ಗಲ್ಲಾದ ಮೇಲೆ ಕೂತವನ ಅದೇ ಕಣ್ಣು.

"ನಂಗೆ ಗೊತ್ತಿಲ್ಲ ಮಗಾ" ಎಂದ.

ಮಗಳ ಕಡೆ ಒಂದು ಹೆಜ್ಜೆ ಇಟ್ಟ. "ಅವಳನ್ನು ಹಾಗೆ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಮನೆಗೆ ಕರ್ಕೊಂಡು ಬರುವ. ಸರಿಯೋ ತಪ್ಪೋ ನಂಗೆ ಗೊತ್ತಿಲ್ಲ. ಬರುವ ಮನೆಗೆ."

"ಅಪ್ಪಣೆ!" ಎಂದು ಕಾಶಿನಾಥ ನೆಲಕ್ಕೆ ಬಾಗಿದ. ಅವನ ಹಿಂದೆ ಇಡೀ ಮಂದಿರ ಕೈಮುಗಿಯಿತು. ಜಾಗಟೆ ಮತ್ತೆ ಮೊಳಗಿತು.

"ಅಲ್ಲ, ಅಲ್ಲ ಮಾರಾಯ್ರೇ!" ಚೆನ್ನಯ ಹಿಂಗಾರ ಕೆಳಗೆ ಬಿಟ್ಟ. "ಇವತ್ತು ಬರ್ಲೇ ಇಲ್ಲ. ಇದು ನಾನು. ಚೆನ್ನಯ, ಚೆನ್ನಯ ಮಾತಾಡುವುದು!"

"ಕೇಳಿದಿರಾ?" ಕಾಶಿನಾಥ ಜನರ ಕಡೆ ತಿರುಗಿ ಹೇಳಿದ. "ದೈವ ಪಾತ್ರಿಯ ಹೆಸರು ಹೇಳಿ ನಮ್ಮ ಭಕ್ತಿಯನ್ನು ಪರೀಕ್ಷೆ ಮಾಡ್ತಾ ಉಂಟು." ಶಿವಕುಮಾರಿ ಮುಂದೆ ಬಂದು ಚೆನ್ನಯನ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಅವನು ಕಾಲು ಹಿಂದಕ್ಕೆಳೆದುಕೊಂಡ. ಇನ್ನೊಬ್ಬರು ಮುಟ್ಟಿದರು. ಅವನು ಕೂಗಿದಷ್ಟೂ ಜನ ಇನ್ನಷ್ಟು ಬಾಗಿದರು.

ಫೋನು ತನ್ನಿಂದ ತಪ್ಪಾಗಬಹುದು ಎಂದಾಗ ಚೆನ್ನಯ ಕೇಳಿಸಿಕೊಂಡಿರಲಿಲ್ಲ. ಈಗ ಅವನು ತಾನು ಬರೀ ಮನುಷ್ಯ ಎಂದರೆ ಯಾರೂ ಕೇಳಿಸಿಕೊಳ್ಳಲು ಸಿದ್ಧರಿಲ್ಲ. ಪುರಾಣ ಹುಟ್ಟುವುದು ಮಾತಾಡುವವನ ಬಾಯಲ್ಲಿ ಎಂದು ಪಾಠ ಹೇಳಿಕೊಂಡು ಬಂದವನು ನಾನು. ಅದು ಹುಟ್ಟುವುದು ದಿಕ್ಕುಗೆಟ್ಟು ಕೇಳುವವನ ಕಿವಿಯಲ್ಲಿ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಗೆ ಬಂದು ಚಪ್ಪಲಿಗಳ ನಡುವೆ ಕೂತುಬಿಟ್ಟೆ.

ಸೇವಂತಿಯನ್ನು ಮರುದಿನ ಮನೆಗೆ ತಂದರು. ಕೊಳವೆ ತೆಗೆದ ಮೇಲೂ ಆಕೆ ತಾನಾಗಿಯೇ ಉಸಿರಾಡಿದಳು. ಒಂದು ಇಡೀ ದಿನ, ಅದರ ಮರುದಿನವೂ. ಪ್ರತಿ ಉಸಿರಿಗೂ ಚೆನ್ನಯ ಬೆಚ್ಚಿ ಬೀಳುತ್ತಿದ್ದ. "ಆಪರೇಷನ್ ಮಾಡಿಸಿದ್ರೆ ಉಳೀತಿದ್ಳಾ ಮಾಷ್ಟ್ರೇ?" ಎಂದು ಕೇಳಿದ. ಮೂರನೆಯ ದಿನ ಮಧ್ಯಾಹ್ನ, ಯಕ್ಷಿತಾ ತಾಯಿಯ ತುಟಿ ಒದ್ದೆ ಮಾಡುತ್ತಿದ್ದಾಗ ಉಸಿರು ನಿಂತಿತು.

ಬಂದವರೆಲ್ಲ ಒಂದೇ ಮಾತು ಹೇಳಿದರು. ಸ್ವತಃ ದೈವವೇ ಗಂಡನ ಬಾಯಲ್ಲಿ ಅಪ್ಪಣೆ ಕೊಟ್ಟಿತಲ್ಲ, ಪುಣ್ಯವಂತೆ ಎಂದರು. ಮಂದಿರದ ಹೆಸರು ಠಾಣೆ ನಗರದ ತನಕ ಹಬ್ಬಿತು. ಮುಂದಿನ ಸಂಕ್ರಮಣಕ್ಕೆ ಪೆಂಡಾಲು ಹಾಕಬೇಕಾದೀತು ಎಂದು ಕಾಶಿನಾಥ ಮೆಲ್ಲಗೆ ಹೇಳುತ್ತಿದ್ದ. ಚೆನ್ನಯ ಬಂದ ಪ್ರತಿಯೊಬ್ಬರಿಗೂ "ಅದು ನಾನು ಹೇಳಿದ್ದು, ನಾನು" ಎನ್ನುತ್ತಿದ್ದ. ಅವರು ಅವನ ಬೆನ್ನು ಸವರಿ, ದುಃಖದಲ್ಲಿ ಹಾಗೆಲ್ಲ ಅನ್ನಿಸುತ್ತದೆ ಎಂದು ಹೇಳಿ ಹೋಗುತ್ತಿದ್ದರು.

ಎಲ್ಲರೂ ಹೋದ ಮೇಲೆ ಮಗಳನ್ನು ಹತ್ತಿರ ಕರೆದ. "ನೀನಾದ್ರೂ ಹೇಳು ಮಗಾ. ನೀನು ನನ್ನ ಕಣ್ಣು ನೋಡ್ತಾ ಇದ್ದಿ ಅಲ್ವಾ? ಅದು ನಾನೇ ಅಲ್ವಾ?"

ಯಕ್ಷಿತಾ ಅವನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಅದು ಅವನೇ ಆಗಿದ್ದರೆ, ಪ್ರಶ್ನೆ ಕೇಳಿ ಅವನಿಂದ ಆ ಮಾತು ಆಡಿಸಿದವಳು ಅವಳಾಗುತ್ತಿದ್ದಳು. "ನಹೀ ಪಪ್ಪಾ. ಅದು ನೀವಲ್ಲ. ನೀವಾಗಿರ್ಲಿಲ್ಲ ಅದು" ಎಂದಳು. ನಂಬಿದವಳ ದನಿಯಲ್ಲ, ನಂಬದೆ ಬೇರೆ ಗತಿಯಿಲ್ಲದವಳ ದನಿ. ಎದ್ದು ಒಳಗೆ ಹೋದಳು.

ಚೆನ್ನಯ ನನ್ನ ಕಡೆ ನೋಡಿದ. "ನನ್ನ ಹೆಂಡತಿಯ ವಿಷಯದಲ್ಲಿ ಒಂದು ಮಾತು ನಾನು ಆಡಿದ್ದೇನೆ ಮಾಷ್ಟ್ರೇ, ಒಂದೇ ಒಂದು. ಅದು ನನ್ನದು ಅಂತ ಒಬ್ಬರಾದ್ರೂ ನಂಬುವುದು ಬೇಡವಾ?"

"ನಾನು ನಂಬ್ತೀನಿ ಕಣೋ ಚೆನ್ನಯ" ಎಂದೆ. "ಅದು ನೀನೇ. ದೈವ ಅಲ್ಲ, ಯಾರೂ ಅಲ್ಲ, ನೀನೇ."

ಅವನು ನನ್ನ ಮುಖವನ್ನೇ ನೋಡಿದ. ಸಿಟ್ಟಿರಲಿಲ್ಲ. ಆಮೇಲೆ ಕಣ್ಣು ಕೆಳಗಿಳಿಸಿ ಹೇಳಿದ.

"ನೀವು ಯಾವಾಗ್ಲೂ ಹಾಗೆಯೇ ಹೇಳಿದವರು ಅಲ್ವಾ ಮಾಷ್ಟ್ರೇ?"